1966ರ ಅಲಿ, 1988ರ ಟೈಸನ್: ಒಂದೇ ರಿಂಗಿಗೆ ಇಳಿದರೆ ಗೆಲ್ಲೋದು ಯಾರು?

ರಿಂಗ್‌ಸೈಡ್:

ತುಂಬಾ ದಿನದಿಂದ ತಲೆಯಲ್ಲಿ ಕೂತಿರೋ ಬಾಕ್ಸಿಂಗ್ ಪ್ರಶ್ನೆ ಇದು. 1966ರ ನವೆಂಬರ್‌ನಲ್ಲಿ ಹ್ಯೂಸ್ಟನ್‌ನ ಆಸ್ಟ್ರೋಡೋಮ್‌ನಲ್ಲಿ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್‌ನನ್ನು ಮೂರೇ ಸುತ್ತಿನಲ್ಲಿ ಮುಗಿಸಿದ ಮುಹಮ್ಮದ್ ಅಲಿ ಒಂದು ಕಡೆ. 1988ರ ಜೂನ್‌ನಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಮೈಕಲ್ ಸ್ಪಿಂಕ್ಸ್‌ನನ್ನು 91 ಸೆಕೆಂಡಿನಲ್ಲಿ ಮಲಗಿಸಿದ ಮೈಕ್ ಟೈಸನ್ ಇನ್ನೊಂದು ಕಡೆ. ಅಲಿಗೆ ಆಗ 24, ಟೈಸನ್‌ಗೆ ಇನ್ನೂ 22 ತುಂಬಿರಲಿಲ್ಲ. ಗೆಲ್ಲೋದು ಯಾರು?

ನನ್ನ ಪ್ರಕಾರ ಟೈಸನ್, ಅದೂ ಐದನೇ ಸುತ್ತಿನ ಒಳಗೆ. ಅಲಿ ಕೈ ಕೆಳಗಿಟ್ಟುಕೊಂಡೇ ಆಡುತ್ತಿದ್ದ. ಗುದ್ದು ಬಂದಾಗ ತಗ್ಗಿ ತಪ್ಪಿಸಿಕೊಳ್ಳೋ ಬದಲು ತಲೆಯನ್ನು ನೇರ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಎಡಗೈ ಹುಕ್ (ಮೊಣಕೈ ಮಡಚಿ ಪಕ್ಕದಿಂದ ಬೀಸೋ ಗುದ್ದು) ಹೊಡೆಯೋನಿಗೆ ಇನ್ನೇನು ಬೇಕು? 1963ರಲ್ಲಿ ಹೆನ್ರಿ ಕೂಪರ್ ಅದೇ ಹುಕ್‌ನಿಂದ ಅವನನ್ನು ಕೆಡವಿದ, 1971ರಲ್ಲಿ ಜೋ ಫ್ರೇಜಿಯರ್ 15ನೇ ಸುತ್ತಿನಲ್ಲಿ ಕೆಡವಿದ. ಟೈಸನ್ ಹುಕ್ ಇವರಿಬ್ಬರದಕ್ಕಿಂತ ಬೇಗ ಬರುತ್ತೆ, ಬಲಗೈಯಲ್ಲೂ ಅಷ್ಟೇ ಜೋರಿದೆ. ಮೊದಲ ನಾಲ್ಕು ಸುತ್ತನ್ನು ಅಲಿ ಹೇಗೆ ದಾಟುತ್ತಾನೆ ಅಂತ ಯಾರಾದರೂ ಬಿಡಿಸಿ ಹೇಳಿ. "ಅಲಿ ಅಂದ್ರೆ ಅಲಿ, ಅಷ್ಟೇ" ಅನ್ನೋ ಉತ್ತರ ಬೇಡ.

ಹದಿನೈದನೇ ಸುತ್ತು:

ಮೊದಲು ಎಷ್ಟು ಸುತ್ತಿನ ಫೈಟ್ ಅಂತ ಹೇಳಿ, ಯಾಕಂದ್ರೆ ಉತ್ತರ ಅಲ್ಲೇ ಬದಲಾಗುತ್ತೆ. ಅಲಿ ಕಾಲದಲ್ಲಿ ಪಟ್ಟದ ಫೈಟ್ ಅಂದ್ರೆ 15 ಸುತ್ತು. 1982ರಲ್ಲಿ ಕೊರಿಯಾದ ಡುಕ್ ಕೂ ಕಿಮ್ ರಿಂಗ್‌ನಲ್ಲಿ ತಿಂದ ಪೆಟ್ಟಿನಿಂದ ತೀರಿಕೊಂಡ ಮೇಲೆ ಅದು 12ಕ್ಕೆ ಇಳಿಯಿತು. ಟೈಸನ್ ಯಾವತ್ತೂ 12 ದಾಟಿ ಆಡಿದವನಲ್ಲ.

ಈಗ ನಿಮ್ಮ ನಾಲ್ಕು ಸುತ್ತು. ಕೂಪರ್ ಹುಕ್ ಬಿದ್ದಾಗ ಅಲಿಗೆ 21, ಪಟ್ಟ ಇನ್ನೂ ಸಿಕ್ಕಿರಲಿಲ್ಲ. ಫ್ರೇಜಿಯರ್ ಕೆಡವಿದ್ದು ಮೂರೂವರೆ ವರ್ಷ ನಿಷೇಧದಲ್ಲಿ ಕಳೆದು ವಾಪಸ್ ಬಂದ ಅಲಿಯನ್ನು. ಆ ಹೊತ್ತಿಗೆ ಕಾಲು ಮೊದಲಿನ ಹಾಗಿರಲಿಲ್ಲ. ನೀವು ಕೇಳಿರೋದು 1966ರ ಅಲಿಯನ್ನು, ಹಾಗಾಗಿ ಅವನನ್ನೇ ನೋಡಿ. ವಿಲಿಯಮ್ಸ್ ಫೈಟ್‌ನ ಎರಡನೇ ಸುತ್ತನ್ನು ನಿಧಾನವಾಗಿ ಓಡಿಸಿ ನೋಡಿ. ವಿಲಿಯಮ್ಸ್ ಮುಂದೆ ಬರುತ್ತಾನೆ, ಅಲಿ ಹಿಂದೆ ಸರಿಯುತ್ತಾನೆ, ಸರಿಯುತ್ತಲೇ ಹೊಡೆಯುತ್ತಾನೆ. ಹಿಂದಕ್ಕೆ ಹೋಗುವಾಗ ಗುದ್ದಿಗೆ ಬಲ ತುಂಬೋದು ಬಹಳ ಕಷ್ಟ, ಮೈಭಾರ ಆಗ ಬೇರೆ ಕಡೆ ಹೋಗುತ್ತಿರುತ್ತೆ. ಅಲಿ ಅರೆಕ್ಷಣ ಪಾದ ಊರಿ, ಹೊಡೆದು, ಎದುರಾಳಿ ಕೈ ಎತ್ತೋದರೊಳಗೆ ಅಲ್ಲಿಂದ ಹೊರಟಿರುತ್ತಾನೆ. ಆ ಒಂದೇ ಸುತ್ತಿನಲ್ಲಿ ವಿಲಿಯಮ್ಸ್ ಮೂರು ಸಲ ಬಿದ್ದ.

ಅಲಿ 6 ಅಡಿ 3 ಇಂಚು, ರೀಚ್ (ಕೈ ಚಾಚಿದ ಅಳತೆ) 78 ಇಂಚು. ಟೈಸನ್ 5 ಅಡಿ 10 ಇಂಚು, ರೀಚ್ 71. ಈ 7 ಇಂಚಿನ ಅಂತರವನ್ನು ಟೈಸನ್ ಪ್ರತಿ ಸಲವೂ ಓಡಿ ದಾಟಬೇಕು, ಅದೂ ಎಲ್ಲೂ ನಿಲ್ಲದವನ ಎದುರು.

ಎಡಗೈ ಹುಕ್:

ವಿಲಿಯಮ್ಸ್ ಫೈಟ್ ನೋಡೋಕೆ ಚೆಂದ, ನಿಜ. ಆದರೆ ಅದನ್ನು ಸಾಕ್ಷಿ ಅಂತ ತರಬೇಡಿ. 1964ರಲ್ಲಿ ವಿಲಿಯಮ್ಸ್‌ಗೆ ಪೊಲೀಸ್ ಗುಂಡು ಬಿದ್ದಿತ್ತು, ಒಂದು ಕಿಡ್ನಿಯನ್ನೇ ತೆಗೆದಿದ್ದರು. ಅಲಿ ಎದುರು ನಿಂತಾಗ ಅವನಿಗೆ 33 ವರ್ಷ. ಆ ಮನುಷ್ಯ ರಿಂಗಿಗೆ ವಾಪಸ್ ಬಂದಿದ್ದೇ ದೊಡ್ಡದು.

ಟೈಸನ್ ಬರೋ ರೀತಿಯೇ ಬೇರೆ. ಕಸ್ ಡಮಾಟೊ ಕಲಿಸಿದ ವಿದ್ಯೆ ಅದು: ಎರಡೂ ಕೈ ಕೆನ್ನೆಗೆ ಅಂಟಿಕೊಂಡಿರುತ್ತೆ, ತಲೆ ಒಂದು ಕ್ಷಣವೂ ಒಂದೇ ಜಾಗದಲ್ಲಿ ಇರಲ್ಲ, ಜ್ಯಾಬ್ (ಮುಂದಿನ ಕೈಯಿಂದ ಹಾಕೋ ನೇರ ಗುದ್ದು) ಕಿವಿಯ ಪಕ್ಕ ಹಾದುಹೋಗೋ ಹೊತ್ತಿಗೆ ಅವನು ಎದೆಯ ಹತ್ತಿರ ಬಂದಾಗಿರುತ್ತೆ. ಅಂತರ ದಾಟೋದು ಕಷ್ಟ ಅಂತೀರಲ್ಲ, 1988ರ ಜನವರಿಯಲ್ಲಿ ಲ್ಯಾರಿ ಹೋಮ್ಸ್ ಜೊತೆ ಆಡಿದ್ದು ನೋಡಿ. ಹೋಮ್ಸ್‌ಗೆ ಆಗ 38, ಒಪ್ಪುತ್ತೇನೆ. ಆದರೂ ನಾಲ್ಕನೇ ಸುತ್ತಿನಲ್ಲಿ ಕಾಲ್ಬೆರಳ ಮೇಲೆ ನಿಂತು ಓಡಾಡುತ್ತಾ ಜ್ಯಾಬ್ ಹಾಕೋಕೆ ಶುರು ಮಾಡಿದ, ಥೇಟ್ ಅಲಿ ಥರ. ಅದೇ ಸುತ್ತಿನಲ್ಲಿ ಮೂರು ಸಲ ಕೆಳಗೆ ಬಿದ್ದ, ಫೈಟ್ ಅಲ್ಲಿಗೇ ಮುಗೀತು.

ಮತ್ತೆ ದಯವಿಟ್ಟು 1990ರ ಟೋಕಿಯೋ ಫೈಟ್ ತರಬೇಡಿ. ಬಸ್ಟರ್ ಡಗ್ಲಸ್‌ಗೆ ಸೋತ ಟೈಸನ್ ಬೇರೆ ಮನುಷ್ಯ. ಕೋಚ್ ಕೆವಿನ್ ರೂನಿಯನ್ನು 1988ರಲ್ಲೇ ಬಿಟ್ಟಿದ್ದ, ತಲೆ ಆಡಿಸೋದು ಹೆಚ್ಚುಕಡಿಮೆ ನಿಂತುಹೋಗಿತ್ತು, ಒಂದೊಂದೇ ಗುದ್ದಿಗೆ ಮುಗಿಸೋಕೆ ನೋಡುತ್ತಿದ್ದ.

ಹದಿನೈದನೇ ಸುತ್ತು:

ಟೋಕಿಯೋ ಬಿಡೋಣ, ಒಪ್ಪಿದೆ. ನೀವು ಮೆಚ್ಚೋ ಟೈಸನ್‌ನನ್ನೇ ತಗೊಳ್ಳಿ. 1987ರ ಮಾರ್ಚ್‌ನಲ್ಲಿ ಬೋನ್‌ಕ್ರಷರ್ ಸ್ಮಿತ್ ಮಾಡಿದ್ದೇನು? ಟೈಸನ್ ಒಳಗೆ ಬಂದಾಗೆಲ್ಲ ಅಪ್ಪಿ ಹಿಡಿದುಕೊಂಡ. ಗೆಲ್ಲೋ ಆಸೆ ಅವನಿಗಿರಲಿಲ್ಲ, ಸೋತ. ಆದರೆ 12 ಸುತ್ತೂ ಕಾಲ ಮೇಲೇ ಇದ್ದ. ಅದೇ ವರ್ಷ ಆಗಸ್ಟ್‌ನಲ್ಲಿ ಟೋನಿ ಟಕರ್ ಕೂಡ 12 ಸುತ್ತು ನಿಂತ. ಹೀಗೆ ಅಪ್ಪಿ ಹಿಡಿದಾಗ, ಅಂದ್ರೆ ಕ್ಲಿಂಚ್‌ನಲ್ಲಿ, ಟೈಸನ್ ಕೈಗೆ ಕೆಲಸ ಇರುತ್ತಿರಲಿಲ್ಲ, ರೆಫರಿ ಬಿಡಿಸಲಿ ಅಂತ ಕಾಯುತ್ತಿದ್ದ. ಅಲಿ ಇದರಲ್ಲಿ ಪಳಗಿದವನು. 1974ರ ಜನವರಿಯಲ್ಲಿ ಫ್ರೇಜಿಯರ್ ಜೊತೆಗಿನ ಎರಡನೇ ಫೈಟ್‌ನಲ್ಲಿ ಕುತ್ತಿಗೆ ಹಿಂದೆ ಕೈ ಹಾಕಿ ಕೆಳಕ್ಕೆ ಒತ್ತಿ ಹಿಡಿದು ಅವನ ಹುಕ್‌ಗೆ ಜಾಗವೇ ಕೊಡಲಿಲ್ಲ. 5 ಅಡಿ 10 ಇಂಚಿನವನ ಮೇಲೆ ಇದು ಇನ್ನೂ ಸುಲಭ.

ಇನ್ನೊಂದು ವಿಷಯ ಭಯ. ಟೈಸನ್ ಎದುರು ಎಷ್ಟೋ ಜನ ಗಂಟೆ ಹೊಡೆಯೋ ಮೊದಲೇ ಸೋತಿದ್ದರು. ಅಲಿ 22ನೇ ವಯಸ್ಸಿಗೆ ಸನ್ನಿ ಲಿಸ್ಟನ್ ಎದುರು ನಿಂತವನು. ಆ ಕಾಲದಲ್ಲಿ ಲಿಸ್ಟನ್‌ಗಿಂತ ಭಯ ಹುಟ್ಟಿಸೋ ಬಾಕ್ಸರ್ ಇರಲಿಲ್ಲ, ಅವನು ಆರು ಸುತ್ತಾದ ಮೇಲೆ ಸ್ಟೂಲ್ ಬಿಟ್ಟು ಏಳಲೇ ಇಲ್ಲ.

ರಿಂಗ್‌ಸೈಡ್:

ಕ್ಲಿಂಚ್ ವಿಷಯ ನಾನು ಯೋಚನೆ ಮಾಡಿರಲಿಲ್ಲ, ಒಳ್ಳೆ ಪಾಯಿಂಟ್. ಆದರೆ ಹಾಗಾದರೆ ರೆಫರಿ ಯಾರು ಅನ್ನೋದೂ ಮುಖ್ಯ ಆಗುತ್ತೆ ಅಲ್ವಾ? ಕುತ್ತಿಗೆ ಹಿಡಿದಾಗೆಲ್ಲ ಪಾಯಿಂಟ್ ಕಟ್ ಮಾಡೋ ರೆಫರಿ ಇದ್ದರೆ ಅಲಿ ಏನು ಮಾಡುತ್ತಾನೆ?

ಇದೇ ಚರ್ಚೆಯಲ್ಲಿ ಇನ್ನೊಂದು ಕೇಳಿಬಿಡುತ್ತೇನೆ. ಈಗಿನ 6 ಅಡಿ 6, 6 ಅಡಿ 9 ಇಂಚಿನ ದೈತ್ಯರ ಎದುರು ಹಳಬರು ನಿಲ್ಲುತ್ತಾರಾ? ಜೋ ಲೂಯಿಸ್, ಮಾರ್ಸಿಯಾನೊ ಇವರೆಲ್ಲ?

ಹಳೇ ಪಂಚ್:

ರೆಫರಿ ಬಗ್ಗೆ ನೀವು ಹೇಳಿದ್ದು ಸರಿ. ಹೀಗೆ ಒಂದೊಂದೇ ಷರತ್ತು ಹಾಕದೆ ಸುಮ್ನೆ ಎರಡು ಹೆಸರು ಇಟ್ಟರೆ ಏನಾಗುತ್ತೆ ಅನ್ನೋಕೆ ಹಳೇ ಉದಾಹರಣೆ ಇದೆ. 1969ರಲ್ಲಿ, ಅಲಿ ನಿಷೇಧದಲ್ಲಿದ್ದಾಗ, ಅವನನ್ನೂ ರಾಕಿ ಮಾರ್ಸಿಯಾನೊನನ್ನೂ ರಿಂಗಿಗೆ ಇಳಿಸಿ ಒಂದೊಂದು ನಿಮಿಷದ ಸುತ್ತುಗಳನ್ನು ಚಿತ್ರೀಕರಿಸಿದರು, ಯಾರು ಗೆಲ್ಲಬೇಕು ಅನ್ನೋದು ಕಂಪ್ಯೂಟರ್ ಲೆಕ್ಕ ಅಂತ ಹೇಳಿದರು. ಅಮೆರಿಕದ ಥಿಯೇಟರ್‌ಗಳಲ್ಲಿ ಮಾರ್ಸಿಯಾನೊ 13ನೇ ಸುತ್ತಿನಲ್ಲಿ ನಾಕೌಟ್ ಮಾಡಿ ಗೆದ್ದ. ಬ್ರಿಟನ್‌ನಲ್ಲಿ ತೋರಿಸಿದ್ದರಲ್ಲಿ ಅಲಿ ಗೆದ್ದ. ಮಾರ್ಸಿಯಾನೊಗೆ ಅದನ್ನು ನೋಡೋ ಭಾಗ್ಯ ಇರಲಿಲ್ಲ, ಅದು ತೆರೆಗೆ ಬರೋ ಮೊದಲೇ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ.

ಗಾತ್ರದ ವಿಷಯದಲ್ಲಿ ಎಲ್ಲ ಹಳಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬೇಡಿ. ಮಾರ್ಸಿಯಾನೊ 1952ರಲ್ಲಿ ವಾಲ್ಕಾಟ್‌ನನ್ನು ಸೋಲಿಸಿ ಪಟ್ಟ ಗೆದ್ದಾಗ 184 ಪೌಂಡ್. ಇವತ್ತು 200 ಪೌಂಡ್‌ವರೆಗೂ ಕ್ರೂಸರ್‌ವೇಟ್, ಅಂದ್ರೆ ಹೆವಿವೇಟ್‌ಗಿಂತ ಕೆಳಗಿನ ತೂಕದ ವರ್ಗ. 49 ಫೈಟ್, 49 ಗೆಲುವು, ಅವನ ಮೇಲೆ ನನಗೆ ಅಪಾರ ಗೌರವ ಇದೆ, ಆದರೂ ಲೆನಾಕ್ಸ್ ಲೂಯಿಸ್ ಥರದ ದೈತ್ಯನ ಎದುರು ಅವನನ್ನು ಇಳಿಸೋಕೆ ನನಗೆ ಮನಸ್ಸಿಲ್ಲ. ಅಷ್ಟು ಗಿಡ್ಡ ಕೈ ಇಟ್ಟುಕೊಂಡು ಅವನು ತಿನ್ನಬೇಕಾದ ಪೆಟ್ಟು ತುಂಬಾ ಜಾಸ್ತಿ.

ಜೋ ಲೂಯಿಸ್ ಕಥೆ ಬೇರೆ. 260 ಪೌಂಡಿನ ಪ್ರೀಮೊ ಕಾರ್ನೆರಾನನ್ನು 1935ರಲ್ಲಿ ಆರನೇ ಸುತ್ತಿನಲ್ಲಿ, 250 ಪೌಂಡಿನ ಬಡ್ಡಿ ಬೇರ್‌ನನ್ನು 1942ರಲ್ಲಿ ಮೊದಲ ಸುತ್ತಿನಲ್ಲೇ ಮುಗಿಸಿದ. ಅವರಿಬ್ಬರೂ ಈಗಿನ ದೊಡ್ಡವರಷ್ಟು ನುರಿತವರಲ್ಲ. ಆದರೆ ಎತ್ತರದವನನ್ನು ಹೇಗೆ ಕೆಳಗಿಳಿಸಬೇಕು ಅನ್ನೋದು ಲೂಯಿಸ್‌ಗೆ ಗೊತ್ತಿತ್ತು.

ದೊಡ್ಡವನೇ ಗೆಲ್ಲುತ್ತಾನೆ ಅನ್ನೋ ವಾದ 2024ರಲ್ಲಿ ಎರಡು ಸಲ ಬಿದ್ದುಹೋಯಿತು. ಒಲೆಕ್ಸಾಂಡರ್ ಉಸಿಕ್ ಕ್ರೂಸರ್‌ವೇಟ್‌ನಿಂದ ಮೇಲೆ ಬಂದವನು. 6 ಅಡಿ 9 ಇಂಚಿನ ಟೈಸನ್ ಫ್ಯೂರಿಯನ್ನು ಮೇನಲ್ಲೂ ಡಿಸೆಂಬರ್‌ನಲ್ಲೂ ಪಾಯಿಂಟ್ಸ್ ಮೇಲೆ ಸೋಲಿಸಿದ. ಎರಡನೇ ಸಲ ಫ್ಯೂರಿ ಅವನಿಗಿಂತ ಸುಮಾರು 55 ಪೌಂಡ್ ಜಾಸ್ತಿ ಇದ್ದ. ಈಗ ಉಸಿಕ್ ಅಳತೆ ನೋಡಿ: 6 ಅಡಿ 3 ಇಂಚು, ರೀಚ್ 78. ಅಲಿಯದೂ ಅಷ್ಟೇ. ಕಾಲು, ಕಣ್ಣು, ಉಸಿರು ಮೂರೂ ಸರಿಯಿದ್ದರೆ ಆ ಅಳತೆ ಯಾವ ಕಾಲಕ್ಕೂ ಸಾಕು.

ಎಡಗೈ ಹುಕ್:

ಸರಿ, ರೆಫರಿ ಕಟ್ಟುನಿಟ್ಟು, 12 ಸುತ್ತು ಅಂದ್ರೆ ನಾನು ಟೈಸನ್ ಬಿಡಲ್ಲ. 3ನೇ ಸುತ್ತಿನಲ್ಲಿ ಹೊಟ್ಟೆಗೆ ಬಲಗೈ, ಹಿಂದೆಯೇ ಅಪ್ಪರ್‌ಕಟ್ (ಕೆಳಗಿನಿಂದ ಮೇಲಕ್ಕೆ ಎತ್ತಿ ಹೊಡೆಯೋ ಗುದ್ದು). ಸ್ಪಿಂಕ್ಸ್ ಮೊದಲು ಮಂಡಿಯೂರಿದ್ದೂ ಹೊಟ್ಟೆಗೆ ಬಿದ್ದ ಗುದ್ದಿಗೇ.

ಹದಿನೈದನೇ ಸುತ್ತು:

3ನೇ ಸುತ್ತಿನೊಳಗೆ ಅಲಿ ಒಂದು ಸಲ ಬೀಳುತ್ತಾನೆ ಅನ್ನೋದನ್ನು ನಾನೂ ಒಪ್ಪುತ್ತೇನೆ. ಆದರೆ ಎದ್ದೇಳುತ್ತಾನೆ. ಫ್ರೇಜಿಯರ್ ಕೆಡವಿದ್ದು ಅಲಿ 14 ಸುತ್ತು ಪೆಟ್ಟು ತಿಂದು ದಣಿದ ಮೇಲೆ, ಆಗಲೂ ಕೆಲವೇ ಕ್ಷಣದಲ್ಲಿ ಎದ್ದು ನಿಂತಿದ್ದ. 6ನೇ ಸುತ್ತಿನ ಮೇಲೆ ಟೈಸನ್ ತಲೆ ಆಡಿಸೋದು ಕಡಿಮೆಯಾಗುತ್ತೆ, ಜ್ಯಾಬ್ ಸರಿಯಾಗಿ ಕೂರೋಕೆ ಶುರುವಾಗುತ್ತೆ, ಎಡಗಣ್ಣು ಊದುತ್ತೆ. 12 ಸುತ್ತಾದರೆ ಅಲಿ ಪಾಯಿಂಟ್ಸ್ ಮೇಲೆ, ಅದೂ ಸ್ವಲ್ಪದರಲ್ಲಿ. 15 ಆದರೆ 13ನೇ ಸುತ್ತಿನಲ್ಲಿ ರೆಫರಿ ನಿಲ್ಲಿಸುತ್ತಾನೆ.

ರಿಂಗ್‌ಸೈಡ್:

12ಕ್ಕೆ ನಾನು ಇನ್ನೂ ಟೈಸನ್ ಕಡೆಯೇ. 15 ಸುತ್ತಿಗೆ ಅಲಿ ಅಂತ ಒಪ್ಪಿದೆ. ಮುಂದಿನದು ಹೇಳಿ: 1973ರಲ್ಲಿ ಕಿಂಗ್‌ಸ್ಟನ್‌ನಲ್ಲಿ ಫ್ರೇಜಿಯರ್‌ನನ್ನು ಎರಡೇ ಸುತ್ತಿನಲ್ಲಿ ಆರು ಸಲ ಕೆಡವಿದ ಜಾರ್ಜ್ ಫೋರ್‌ಮನ್, ಎದುರಿಗೆ ಇದೇ ಟೈಸನ್.

ಹಳೇ ಪಂಚ್:

ಫೋರ್‌ಮನ್, ಮೂರು ಸುತ್ತು. ತಗ್ಗಿಕೊಂಡು ಮುಂದೆ ಬರೋರನ್ನು ಎರಡೂ ಕೈಯಲ್ಲಿ ತಳ್ಳಿ ದೂರ ಮಾಡಿ, ಮತ್ತೆ ಒಳಗೆ ಬರುವಾಗ ಕೆಳಗಿನಿಂದ ಎತ್ತಿ ಹೊಡೆಯೋದರಲ್ಲಿ ಅವನನ್ನು ಮೀರಿಸಿದವರಿಲ್ಲ. ಇದಕ್ಕೆ ಸುತ್ತು ಎಷ್ಟು ಅಂತ ಕೇಳೋದೇ ಬೇಡ.