ಶಾಲೆಯ ಫಾಲ್ ಕಾರ್ನಿವಲ್: 900 ಡಾಲರಿನಲ್ಲಿ ಯಾವ ಆಟಗಳನ್ನು ಇಡಬಹುದು?

ಪ್ಲೈವುಡ್ ಅಪ್ಪ:
ನ್ಯೂಜೆರ್ಸಿಯಲ್ಲಿ ನಮ್ಮ ಮಕ್ಕಳು ಓದುವ ಶಾಲೆಯಲ್ಲಿ ಅಕ್ಟೋಬರ್ ಕೊನೆಯ ಶನಿವಾರ ಫಾಲ್ ಕಾರ್ನಿವಲ್ (ಶರತ್ಕಾಲದ ಆಟಗಳ ಮೇಳ) ನಡೆಯಲಿದ್ದು, ಆಟಗಳ ಹೊಣೆ ಈ ವರ್ಷ ನನ್ನ ಹೆಗಲೇರಿದೆ. ಸುಮಾರು 320 ಮಕ್ಕಳು, ಮೂರು ಗಂಟೆಯ ಅವಧಿ, ಪಿಟಿಎ, ಅಂದರೆ ಪಾಲಕ-ಶಿಕ್ಷಕರ ಸಂಘ, ಕೊಟ್ಟಿರುವುದು 900 ಡಾಲರ್. ಕಳೆದ ವರ್ಷ ಮಕ್ಕಳು ಒಳಗೆ ಕುಣಿಯುವ, ಗಾಳಿ ತುಂಬಿದ ಬೌನ್ಸ್ ಹೌಸ್ ಒಂದಕ್ಕೇ 375 ಡಾಲರ್ ಬಾಡಿಗೆ ತೆತ್ತಿದ್ದರಿಂದ ಉಳಿದ ಆಟಗಳಿಗೆ ಬಕೆಟ್ಟು, ಚೆಂಡುಗಳ ಹೊರತು ಏನೂ ಸಿಗಲಿಲ್ಲ. ಈ ಬಾರಿ ಅದನ್ನು ಬಿಡೋಣವೆಂದಿದ್ದೇನೆ. ನಾಲ್ಕಡಿ ಅಗಲ, ಎಂಟಡಿ ಉದ್ದದ ಒಂದೇ ಪ್ಲೈವುಡ್ ಹಾಳೆಯಿಂದ 2 ಅಡಿಗೆ 4 ಅಡಿಯ ನಾಲ್ಕು ಕಾರ್ನ್‌ಹೋಲ್ (ತೂತಿಗೆ ಚೀಲ ಎಸೆಯುವ ಆಟ) ಹಲಗೆಗಳು ಬರುತ್ತವೆ; ತಲಾ ಆರಿಂಚಿನ ಒಂದು ತೂತು ಕೊರೆದು, ಹಳೆಯ ಜೀನ್ಸ್ ಬಟ್ಟೆಯಲ್ಲಿ ಅಕ್ಕಿ ತುಂಬಿ ಚೀಲಗಳನ್ನು ಹೊಲಿದರೆ ಎರಡು ಜೋಡಿ ಆಟ ಸಿದ್ಧವಾಗುತ್ತದೆ. ಖಾಲಿ ಡಬ್ಬಿಗಳನ್ನು ಪೇರಿಸಿ ಚೆಂಡಿನಿಂದ ಉರುಳಿಸುವ ಅರ್ಧ ಲಗೋರಿಯೂ ಇರಲಿ. ಸಣ್ಣ ಬೋಗುಣಿಗಳಿಗೆ ಪಿಂಗ್‌ಪಾಂಗ್ ಚೆಂಡು ಎಸೆದು ಗೆದ್ದವರಿಗೆ ಗೋಲ್ಡ್‌ಫಿಶ್ ಕೊಡುವ ಹಳೆಯ ಆಟವನ್ನೂ ಇಡಬಹುದು. ಇನ್ನೂ ಅಗ್ಗದ ಉಪಾಯಗಳಿದ್ದರೆ ದಯವಿಟ್ಟು ತಿಳಿಸಿ.

ಹೊರನಾಡ ಹಿರಿಯ:
"ಈ ಬಾರಿ ಅದನ್ನು ಬಿಡೋಣ" ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿರಲ್ಲ ಸ್ವಾಮಿ! ಕಾರ್ನಿವಲ್ ಎಂದರೆ ನಮ್ಮ ಮಕ್ಕಳಿಗೆ ಮೊದಲು ನೆನಪಾಗುವುದೇ ಬೌನ್ಸ್ ಹೌಸ್. ಅಕ್ಕಿಚೀಲ ಎಸೆಯುವುದಕ್ಕೆ ಮಕ್ಕಳು ಶನಿವಾರ ಮನೆಬಿಟ್ಟು ಬರುವುದಿಲ್ಲ.

ಲೆಕ್ಕದ ಮೇಷ್ಟ್ರು:
ಲೆಕ್ಕ ಹಾಕಿ ಮಾತನಾಡೋಣ. ಒಂದು ಸಲಕ್ಕೆ ಎಂಟು ಮಕ್ಕಳನ್ನು ಬಿಡುತ್ತಾರೆಂದೂ, ಬೂಟು ಕಳಚಿ ಕುಣಿದು ಮತ್ತೆ ಹಾಕಿಕೊಳ್ಳಲು ಏಳು ನಿಮಿಷ ಬೇಕೆಂದೂ ಇಟ್ಟುಕೊಂಡರೆ, 180 ನಿಮಿಷಗಳಲ್ಲಿ 25 ತಂಡಗಳು, ಅಂದರೆ 200 ಮಕ್ಕಳು ಮಾತ್ರ ಒಳಗೆ ಹೋಗಿಬರುತ್ತಾರೆ. ಉಳಿದ 120 ಮಕ್ಕಳು ಸಾಲಿನಲ್ಲಿ ನಿಂತೇ ಸಂಜೆ ಮಾಡಬೇಕು. ಅದೇ ಚೀಲ ಎಸೆಯುವ ಆಟದಲ್ಲಿ ಒಬ್ಬರಿಗೆ ಒಂದು ನಿಮಿಷವೆಂದರೂ ನಾಲ್ಕು ಹಲಗೆಗಳಲ್ಲಿ ಗಂಟೆಗೆ 240 ಸರದಿ ಸಿಗುತ್ತದೆ. ಗಾಳಿ ಜೋರಾದರೆ ಬೌನ್ಸ್ ಹೌಸ್ ಮುಚ್ಚಲೇಬೇಕು ಎಂಬುದೂ ನೆನಪಿರಲಿ. ಬಾಡಿಗೆ ಮಾತ್ರ ವಾಪಸು ಬರುವುದಿಲ್ಲ.

ಹೊರನಾಡ ಹಿರಿಯ:
"ಇಟ್ಟುಕೊಂಡರೆ" ಎಂಬ ಪದದ ಮೇಲೆ ನಿಂತ ಲೆಕ್ಕ ಇದು. ನನ್ನ ಮೊಮ್ಮಗ ಬೂಟು ಬಿಚ್ಚಲು ಅರ್ಧ ನಿಮಿಷವೂ ಬೇಡ.

ಶರಾವತಿ:
ಬೌನ್ಸ್ ಹೌಸ್ ಇರಲಿ, ಬಿಡಲಿ, ಗೋಲ್ಡ್‌ಫಿಶ್ ಬಹುಮಾನವನ್ನು ಮಾತ್ರ ಮೊದಲು ಪಟ್ಟಿಯಿಂದ ತೆಗೆಯಿರಿ. ಎರಡು ವರ್ಷಗಳ ಹಿಂದೆ ಇಂಥದ್ದೇ ಕಾರ್ನಿವಲ್‌ನಿಂದ ನನ್ನ ಮಗಳು ರಬ್ಬರ್‌ಬ್ಯಾಂಡ್ ಸುತ್ತಿದ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಮೀನು ತಂದಳು. ಹೂದಾನಿಗೆ ನಲ್ಲಿ ನೀರು ಹಿಡಿದು ಬಿಟ್ಟೆವು. ಮಂಗಳವಾರ ಬೆಳಿಗ್ಗೆ ಅದು ಒಂದು ಪಕ್ಕಕ್ಕೆ ವಾಲಿ ತೇಲುತ್ತಿತ್ತು, ಕಿವಿರು ಆಗೊಮ್ಮೆ ಈಗೊಮ್ಮೆ ಅಲುಗುತ್ತಿತ್ತು. ಮಗಳು ಆ ದಿನ ಶಾಲೆಗೆ ಹೋಗಲಿಲ್ಲ. ಇಂಗ್ಲೆಂಡಿನಲ್ಲಿ 2006ರ ಪ್ರಾಣಿ ಕಲ್ಯಾಣ ಕಾಯಿದೆಯ ಪ್ರಕಾರ ಹದಿನಾರು ತುಂಬದ ಮಕ್ಕಳಿಗೆ ಪ್ರಾಣಿಗಳನ್ನು ಬಹುಮಾನವಾಗಿ ಇಡುವುದೇ ಅಪರಾಧ.

ಅಕ್ವೇರಿಯಂ ಮಾವ:
ಮೊದಲನೆಯದಾಗಿ, ನಾವಿರುವುದು ನ್ಯೂಜೆರ್ಸಿಯಲ್ಲಿ, ಇಂಗ್ಲೆಂಡಿನಲ್ಲಿ ಅಲ್ಲ. ಎರಡನೆಯದಾಗಿ, ಶರಾವತಿಯವರು ಆ ಕಾಯಿದೆಯ ಅರ್ಧವನ್ನು ನುಂಗಿಬಿಟ್ಟಿದ್ದಾರೆ: ಜೊತೆಯಲ್ಲಿ ಹದಿನಾರು ದಾಟಿದವರೊಬ್ಬರು ಇದ್ದರೆ ಅಲ್ಲಿಯೂ ಅದು ಅಪರಾಧವಲ್ಲ. ನಮ್ಮ ಕಾರ್ನಿವಲ್‌ಗೆ ಮಕ್ಕಳು ತಂದೆತಾಯಿಯರ ಜೊತೆಗೇ ಬರುತ್ತಾರೆ. ಇನ್ನು ಮೀನು ಸತ್ತದ್ದಕ್ಕೆ ಹೂದಾನಿ ಕಾರಣವೇ ಹೊರತು ಆಟವಲ್ಲ. 1956ರಲ್ಲಿ ಇಂಗ್ಲೆಂಡಿನ ಒಂದು ಜಾತ್ರೆಯಲ್ಲೇ ಗೆದ್ದ ಟಿಶ್ ಎಂಬ ಗೋಲ್ಡ್‌ಫಿಶ್ 43 ವರ್ಷ ಬದುಕಿ 1999ರಲ್ಲಿ ತೀರಿಕೊಂಡಿತು. ಅದು ಗಿನ್ನೆಸ್ ದಾಖಲೆ.

ಶರಾವತಿ:
ದಾಖಲೆ ಎಂದು ನೀವೇ ಬರೆದಿದ್ದೀರಿ, ಮಾವನವರೇ. ಎಲ್ಲ ಮೀನುಗಳೂ ಹಾಗೆ ಬದುಕುವಂತಿದ್ದರೆ ಅದನ್ನು ಗಿನ್ನೆಸ್‌ನವರು ಏಕೆ ಬರೆದುಕೊಳ್ಳುತ್ತಿದ್ದರು? ಕಾಯಿದೆಯ ಮಾತಿಗೆ ಬಂದರೆ, ಪಕ್ಕದ ಸ್ಕಾಟ್ಲೆಂಡಿನಲ್ಲಿ ದೊಡ್ಡವರಿಗೂ ಹೀಗೆ ಪ್ರಾಣಿಗಳನ್ನು ಬಹುಮಾನ ಕೊಡುವಂತಿಲ್ಲ.

ಅಕ್ವೇರಿಯಂ ಮಾವ:
ಈಗ ಸ್ಕಾಟ್ಲೆಂಡ್. ನಾಳೆ ಐಸ್‌ಲ್ಯಾಂಡ್ ಬರಬಹುದು.

ತೀರ್ಥಹಳ್ಳಿ ತಿರುಗಾಟ:
ಮೀನಿನ ಗದ್ದಲದಲ್ಲಿ ಯಾರೂ ಗಮನಿಸದ ಒಂದು ಪದದ ಬಗ್ಗೆ ನನ್ನ ತಕರಾರು ದಾಖಲಾಗಲಿ. "ಅರ್ಧ ಲಗೋರಿ" ಎಂಬ ಆಟವೇ ಇಲ್ಲ. ಏಳು ಕಲ್ಲುಗಳನ್ನು ಉರುಳಿಸಿದ ತಂಡ, ಎದುರಾಳಿಗಳ ಚೆಂಡಿನ ಏಟು ತಪ್ಪಿಸಿಕೊಂಡು ಅವನ್ನು ಮತ್ತೆ ಪೇರಿಸುವವರೆಗೆ ಅದು ಲಗೋರಿಯಾಗುವುದಿಲ್ಲ. ನೀವು ಮಾಡಲು ಹೊರಟಿರುವುದು ಅಮೆರಿಕದ ಯಾವ ಸಂತೆಯಲ್ಲೂ ಸಿಗುವ ಡಬ್ಬಿ ಬೀಳಿಸುವ ಆಟ.

ಲೆಕ್ಕದ ಮೇಷ್ಟ್ರು:
ಪೂರ್ತಿ ಲಗೋರಿಗೆ ಒಂದು ಸುತ್ತಿಗೆ ಹತ್ತು ನಿಮಿಷ, ಅಂಗಳದ ಕಾಲುಭಾಗ ಜಾಗ, ಮೇಲ್ವಿಚಾರಣೆಗೆ ಇಬ್ಬರು ಬೇಕು. ಅದು ಬೌನ್ಸ್ ಹೌಸ್‌ಗಿಂತ ನಿಧಾನ.

ತೀರ್ಥಹಳ್ಳಿ ತಿರುಗಾಟ:
ಲಗೋರಿಯನ್ನು ಬೌನ್ಸ್ ಹೌಸ್‌ಗೆ ಹೋಲಿಸಿದವರನ್ನು ನಾನು ಇದೇ ಮೊದಲು ನೋಡಿದ್ದು.

ಹಳೆಯ ಖಜಾಂಚಿ:
ನಾನು ನಾಲ್ಕು ವರ್ಷ ಪಿಟಿಎ ಹಣ ನೋಡಿಕೊಂಡವನು. ಬಹುಮಾನ ಎಂದ ಮೇಲೆ ಎರಡು ಮಾತು. ಖರ್ಚು ಸರಿದೂಗಿಸಲು 50-50 ಲಾಟರಿ (ಬಂದ ಹಣದಲ್ಲಿ ಅರ್ಧ ಗೆದ್ದವರಿಗೆ, ಅರ್ಧ ಸಂಘಕ್ಕೆ) ಚೀಟಿ ಮಾರುವ ಯೋಚನೆ ಯಾರಿಗಾದರೂ ಬಂದರೆ, ನ್ಯೂಜೆರ್ಸಿಯಲ್ಲಿ ಅದಕ್ಕೆ ರಾಜ್ಯದ ಆಯೋಗದಲ್ಲಿ ನೋಂದಣಿಯೂ ಊರಾಡಳಿತದ ಪರವಾನಗಿಯೂ ಬೇಕು. ಹದಿನೆಂಟು ತುಂಬದವರಿಗೆ ಚೀಟಿ ಮಾರುವಂತಿಲ್ಲ. ತಿಂಡಿ ಬಹುಮಾನವಾದರೆ ಶೇಂಗಾ ಚಿಕ್ಕಿ, ಎಳ್ಳುಂಡೆ ಎರಡೂ ಬೇಡ. 2023ರ ಜನವರಿಯಿಂದ ಎಳ್ಳು ಇಲ್ಲಿ ಲೇಬಲ್ ಮೇಲೆ ಕಡ್ಡಾಯವಾಗಿ ತಿಳಿಸಬೇಕಾದ ಒಂಬತ್ತನೆಯ ಅಲರ್ಜಿ ಪದಾರ್ಥ. ಪೆನ್ಸಿಲ್, ಸ್ಟಿಕ್ಕರ್, ಸಣ್ಣ ರಬ್ಬರ್ ಚೆಂಡು ಸಾಕು.

ಅಕ್ವೇರಿಯಂ ಮಾವ:
ನೋಡಿ, ಖಜಾಂಚಿಯವರ ಪಟ್ಟಿಯಲ್ಲಿ ಮೀನು ಬೇಡವೆಂದು ಎಲ್ಲಿಯೂ ಇಲ್ಲ.

ಹಳೆಯ ಖಜಾಂಚಿ:
ಬೇಕೆಂದೂ ಇಲ್ಲ.

ಶರಾವತಿ:
ಹೂದಾನಿಯೇ ಕಾರಣ ಎಂದಿರಲ್ಲ, ಅದನ್ನೇ ವಿವರಿಸುತ್ತೇನೆ. ಗೋಲ್ಡ್‌ಫಿಶ್ ಹೊರಬಿಡುವ ಅಮೋನಿಯಾ ಅದಕ್ಕೇ ವಿಷ. ಆ ಅಮೋನಿಯಾವನ್ನು ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾ ಹೊಸ ತೊಟ್ಟಿಯಲ್ಲಿ ಬೆಳೆಯಲು ವಾರಗಳೇ ಬೇಕು. ನಲ್ಲಿ ನೀರಿನ ಕ್ಲೋರಿನ್ನನ್ನು ಮೊದಲೇ ತೆಗೆಯದಿದ್ದರೆ ಅದೂ ಕಿವಿರುಗಳನ್ನು ಸುಡುತ್ತದೆ. ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಅಚಾನಕ್ಕಾಗಿ ಮೀನು ಗೆದ್ದ ಯಾವ ಮನೆಯಲ್ಲಿ ಇದೆಲ್ಲ ಸಿದ್ಧವಿರುತ್ತದೆ? ಮೀನಿನ ಬೆಲೆ ಚಿಲ್ಲರೆ ಕಾಸು. ತೊಟ್ಟಿ, ಫಿಲ್ಟರ್, ಆಹಾರದ ಖರ್ಚನ್ನು ನೀವು ಬೇರೊಬ್ಬರ ತಲೆಗೆ ಕಟ್ಟುತ್ತಿದ್ದೀರಿ. ಅಗ್ಗ ಎನ್ನುವುದು ಯಾರಿಗೆ?

ಅಕ್ವೇರಿಯಂ ಮಾವ:
"ವಾರಗಳೇ ಬೇಕು" ಎಂಬುದು ಹಳೆಯ ಮಾತು. ಈಗ ಬ್ಯಾಕ್ಟೀರಿಯಾ ತುಂಬಿದ ಬಾಟಲಿಗಳೇ ಅಂಗಡಿಯಲ್ಲಿ ಸಿಗುತ್ತವೆ. ಮೂವತ್ತು ವರ್ಷಗಳಿಂದ ಮೀನು ಸಾಕುತ್ತಿರುವ ನನಗೆ ನೈಟ್ರೇಟ್ ಪಾಠ ಬೇಕಾಗಿಲ್ಲ. ಸಾಕಲಾಗದವರು ಕೆರೆಗೆ ಬಿಡಲಿ, ತಂಪಾಗಿ ಬದುಕಿಕೊಳ್ಳುತ್ತದೆ.

ಶರಾವತಿ:
ಕೆರೆಗೆ ಬಿಡಲಿ! ಮೂವತ್ತು ವರ್ಷ ಮೀನು ಸಾಕಿದವರು ಬರೆಯುವ ಮಾತೇ ಇದು? 2021ರಲ್ಲಿ ಮಿನ್ನೆಸೋಟಾದ ಬರ್ನ್ಸ್‌ವಿಲ್ ನಗರಾಡಳಿತವು, ಮನೆಯವರು ಹೀಗೆ ಬಿಟ್ಟ ಗೋಲ್ಡ್‌ಫಿಶ್‌ಗಳು ಕೆಲರ್ ಕೆರೆಯಲ್ಲಿ ಫುಟ್‌ಬಾಲ್ ಗಾತ್ರಕ್ಕೆ ಬೆಳೆದಿರುವ ಚಿತ್ರಗಳನ್ನೇ ಪ್ರಕಟಿಸಿ, ದಯವಿಟ್ಟು ಬಿಡಬೇಡಿ ಎಂದು ಕೈಮುಗಿದು ಕೇಳಿಕೊಂಡಿತು. ಅವು ತಳದ ಕೆಸರನ್ನು ಕೆದಕಿ ನೀರನ್ನು ಕೆಡಿಸುತ್ತವೆ.

ಅಕ್ವೇರಿಯಂ ಮಾವ:
ಫುಟ್‌ಬಾಲ್ ಗಾತ್ರಕ್ಕೆ ಬೆಳೆದವು ಎಂದರೆ ಚೆನ್ನಾಗಿ ಬದುಕಿದವು ಎಂದೇ ಅರ್ಥವಲ್ಲವೇ? ಸಾಯುತ್ತವೆ ಎಂದವರೂ ನೀವೇ, ಬೆಳೆಯುತ್ತವೆ ಎಂದವರೂ ನೀವೇ.

ಲೆಕ್ಕದ ಮೇಷ್ಟ್ರು:
ತರ್ಕದ ಮಟ್ಟಿಗೆ ಮಾವನವರದ್ದು ಚತುರ ಉತ್ತರ. ಆದರೆ 320 ಮಕ್ಕಳಲ್ಲಿ ಹತ್ತಕ್ಕೊಬ್ಬರು ಗೆದ್ದರೂ 32 ಮೀನುಗಳನ್ನು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬಿಸಿಲಿನ ಮೇಜಿನ ಮೇಲೆ ಇಟ್ಟುಕೊಳ್ಳುವವರು ಯಾರು?

ಅಕ್ವೇರಿಯಂ ಮಾವ:
ಅಕ್ಟೋಬರ್ ಕೊನೆಯಲ್ಲಿ ನ್ಯೂಜೆರ್ಸಿಯಲ್ಲಿ ಎಂಥ ಬಿಸಿಲು, ಮೇಷ್ಟ್ರೇ?

ಹೊರನಾಡ ಹಿರಿಯ:
ಬಿಸಿಲಿಲ್ಲ ಎಂದು ಈಗ ಎಲ್ಲರೂ ಒಪ್ಪುತ್ತಿದ್ದೀರಿ. ಹಾಗಾದರೆ ಚಳಿಯಲ್ಲಿ ಮೈ ಬಿಸಿಯಾಗಲು ಕುಣಿಯುವ ಆಟವೇ ಸೂಕ್ತ. ನಾನು ಮೊದಲಿನಿಂದಲೂ ಹೇಳುತ್ತಿರುವುದು ಅದನ್ನೇ.

ಪ್ಲೈವುಡ್ ಅಪ್ಪ:
ಚರ್ಚೆಗೆ ಧನ್ಯವಾದಗಳು. ನಾನು ನಿನ್ನೆಯೇ ಹಲಗೆ ಕತ್ತರಿಸಿದೆ. ಮೊದಲ ಅಕ್ಕಿಚೀಲವನ್ನು ಮಗ ಗ್ಯಾರೇಜಿನಲ್ಲಿ ನಲವತ್ತು ಸಲ ಎಸೆಯುವಷ್ಟರಲ್ಲಿ ಹೊಲಿಗೆ ಬಿಚ್ಚಿ ಸಿಮೆಂಟಿನ ಮೇಲೆಲ್ಲ ಸೋನಾ ಮಸೂರಿ ಚೆಲ್ಲಿತು. ಆದ್ದರಿಂದ ಅಂಚಿಗೆ ಎರಡು ಸಾಲು ಹೊಲಿಗೆ ಹಾಕಿ, ಒಳಗೆ ಇನ್ನೊಂದು ಚೀಲ ಇಡುತ್ತಿದ್ದೇನೆ. ಡಬ್ಬಿ ಆಟದ ಫಲಕದಿಂದ ಲಗೋರಿ ಎಂಬ ಹೆಸರನ್ನು ತೆಗೆಯುತ್ತೇನೆ. ಮೀನಿನ ವಿಷಯವನ್ನು ಸಮಿತಿಯ ಮುಂದಿಡುತ್ತೇನೆ; ಪಿಂಗ್‌ಪಾಂಗ್ ಚೆಂಡು, ಬೋಗುಣಿಗಳು ಹೇಗಿದ್ದರೂ ಇರಲಿ, ಗೆದ್ದವರಿಗೆ ಸ್ಟಿಕ್ಕರ್ ಕೊಡಬಹುದು. ಆರಿಂಚಿನ ಹೋಲ್‌ಸಾ (ದುಂಡಗೆ ತೂತು ಕೊರೆಯುವ ಗರಗಸ) ಇರುವವರು ಯಾರಾದರೂ ಭಾನುವಾರ ಎರಡು ಗಂಟೆ ಬಿಡುವು ಮಾಡಿಕೊಂಡರೆ ನಾಲ್ಕು ತೂತುಗಳೂ ಮುಗಿಯುತ್ತವೆ.

ತೀರ್ಥಹಳ್ಳಿ ತಿರುಗಾಟ:
ಹೆಸರನ್ನು ತೆಗೆಯಿರಿ ಎಂದು ನಾನು ಹೇಳಲಿಲ್ಲ. ಆಟವನ್ನು ಪೂರ್ತಿ ಆಡಿಸಿ ಎಂದೆ.

ಅಕ್ವೇರಿಯಂ ಮಾವ:
ಹೋಲ್‌ಸಾ ನನ್ನ ಬಳಿ ಇದೆ, ಭಾನುವಾರ ತರುತ್ತೇನೆ. ಆದರೆ ಮೀನಿನ ಬದಲು ಸ್ಟಿಕ್ಕರ್ ಎಂಬುದನ್ನು ನಾನು ಒಪ್ಪಿಕೊಂಡೆನೆಂದು ಯಾರೂ ಬರೆದುಕೊಳ್ಳಬಾರದು.

ಶರಾವತಿ:
ಬರೆದುಕೊಂಡೆ.