ತಂದೆಗೆ 70, ತಾಯಿಗೆ 62: ಆಸ್ಟ್ರೇಲಿಯಾದ ಹಿರಿಯರ ಟ್ಯಾಕ್ಸ್ ಆಫ್‌ಸೆಟ್ ಸಿಗುತ್ತದೆಯೇ?

ಪ್ರಶ್ನೆ

ನಮಸ್ಕಾರ. ನನ್ನ ತಂದೆತಾಯಿ ಬಹಳ ವರ್ಷಗಳಿಂದ ಮೆಲ್ಬರ್ನ್‌ನಲ್ಲಿ ನೆಲೆಸಿರುವ ಆಸ್ಟ್ರೇಲಿಯಾದ ಪ್ರಜೆಗಳು. ತಂದೆಯವರಿಗೆ 70 ವರ್ಷ. ಆಸ್ತಿಯ ಮಿತಿ ಮೀರಿರುವುದರಿಂದ ಅವರಿಗೆ ಸರ್ಕಾರದ ವೃದ್ಧಾಪ್ಯ ಪಿಂಚಣಿಯಾದ ಏಜ್ ಪೆನ್ಷನ್ ಬರುವುದಿಲ್ಲ. ಡಿವಿಡೆಂಡ್ ಮತ್ತು ಬ್ಯಾಂಕ್ ಬಡ್ಡಿ ಸೇರಿ 2024-25ರಲ್ಲಿ ಅವರ ತೆರಿಗೆಗೆ ಒಳಪಡುವ ಆದಾಯ 36,000 ಡಾಲರ್. ತಾಯಿಯವರಿಗೆ 62 ವರ್ಷ. ಅವರು ಇನ್ನೂ ಕೆಲಸಕ್ಕೆ ಹೋಗುತ್ತಾರೆ, ಸಂಬಳದ ಒಂದು ಭಾಗವನ್ನು ಸ್ಯಾಲರಿ ಸ್ಯಾಕ್ರಿಫೈಸ್ ಮೂಲಕ, ಅಂದರೆ ಆದಾಯ ತೆರಿಗೆ ಹಿಡಿಯುವ ಮೊದಲೇ, ಸೂಪರ್‌ಗೆ (ನಿವೃತ್ತಿ ಉಳಿತಾಯ ನಿಧಿಗೆ) ಹಾಕಿಸುತ್ತಾರೆ. ಅದು ಕಳೆದ ಮೇಲೆ ಅವರ ತೆರಿಗೆಗೆ ಒಳಪಡುವ ಆದಾಯ 48,000 ಡಾಲರ್.

ತಾಯಿಗೆ ಪೆನ್ಷನ್ ವಯಸ್ಸಾಗದಿರುವುದರಿಂದ ಹಿರಿಯರ ಮತ್ತು ಪಿಂಚಣಿದಾರರ ಟ್ಯಾಕ್ಸ್ ಆಫ್‌ಸೆಟ್ (ಕಟ್ಟಬೇಕಾದ ತೆರಿಗೆಯಲ್ಲೇ ಸಿಗುವ ಕಡಿತ), ಅಂದರೆ ಸ್ಯಾಪ್ಟೋ, ಇಬ್ಬರಿಗೂ ಸಿಗುವುದಿಲ್ಲವೆಂದು ಪರಿಚಿತರೊಬ್ಬರು ಹೇಳಿದರು. ಇನ್ನೊಬ್ಬರು, ದಂಪತಿಗಳ ಮಿತಿಯ ಅರ್ಧವಾದ 43,810 ಡಾಲರನ್ನು ತಾಯಿಯ ಆದಾಯ ದಾಟಿರುವುದೇ ತೊಡಕು ಎನ್ನುತ್ತಾರೆ. ಯಾವುದು ಸರಿ?

ಉತ್ತರ 1

ಎರಡೂ ಸರಿಯಲ್ಲ. ಸ್ಯಾಪ್ಟೋ ಅರ್ಹತೆಯನ್ನು ಗಂಡನಿಗೆ ಬೇರೆ, ಹೆಂಡತಿಗೆ ಬೇರೆ ಎಂದೇ ನೋಡುತ್ತಾರೆ. ಜೂನ್ 30ಕ್ಕೆ ನಿಮ್ಮ ತಂದೆಯವರು ಪೆನ್ಷನ್ ವಯಸ್ಸು ದಾಟಿದ್ದಾರೆ, ಪೆನ್ಷನ್‌ಗೆ ಬೇಕಾದ ಹತ್ತು ವರ್ಷಗಳ ವಾಸವೂ ಆಗಿದೆ, ಪೆನ್ಷನ್ ತಪ್ಪಿರುವುದು ಆಸ್ತಿಯ ಕಾರಣಕ್ಕೆ ಮಾತ್ರ. ಹಾಗಾಗಿ ಮೊದಲ ಷರತ್ತು ಪೂರೈಸಿದಂತಾಯಿತು. ಪೆನ್ಷನ್ ಕೈಗೆ ಬರುತ್ತಿರಲೇಬೇಕು ಎಂಬ ನಿಯಮವಿಲ್ಲ. ಇದು ತಿಳಿಯದೆ ಎಷ್ಟೋ ಹಿರಿಯರು ತಮಗೆ ಸಲ್ಲಬೇಕಾದುದನ್ನು ಕೇಳದೆಯೇ ಬಿಡುತ್ತಾರೆ ಎಂಬುದು ನನಗೆ ನಿಜಕ್ಕೂ ನೋವಿನ ವಿಷಯ. ತಾಯಿಯವರಿಗೆ 67 ಆಗುವವರೆಗೆ ಅವರ ಪಾಲಿನ ಆಫ್‌ಸೆಟ್ ಇಲ್ಲ, ಆದರೆ ಅದರಿಂದ ತಂದೆಯವರ ಹಕ್ಕು ಹೋಗುವುದಿಲ್ಲ.

ಎರಡನೆಯ ಷರತ್ತು ಆದಾಯದ್ದು. ಒಟ್ಟಿಗೆ ವಾಸಿಸುವ ದಂಪತಿಗಳಲ್ಲಿ ಇಬ್ಬರ ರಿಬೇಟ್ ಇನ್‌ಕಮ್ (ಈ ಆಫ್‌ಸೆಟ್‌ಗಾಗಿ ಲೆಕ್ಕ ಹಾಕುವ ಆದಾಯ) ಕೂಡಿಸಿದಾಗ 2024-25ಕ್ಕೆ 87,620 ಡಾಲರ್‌ಗಿಂತ ಕಡಿಮೆಯಿರಬೇಕು. ಇಲ್ಲಿ ನೋಡುವುದು ಮೊತ್ತವನ್ನು, ಯಾರದು ಹೆಚ್ಚು, ಯಾರದು ಕಡಿಮೆ ಎಂಬುದನ್ನಲ್ಲ. ಆದರೆ ಅರ್ಹತೆ ಸಿಕ್ಕ ಮೇಲೆ ಎಷ್ಟು ಆಫ್‌ಸೆಟ್ ಎಂದು ಲೆಕ್ಕ ಹಾಕುವಾಗ ತಂದೆಯವರ ಸ್ವಂತ ಆದಾಯವೊಂದನ್ನೇ ತೆಗೆದುಕೊಳ್ಳುತ್ತಾರೆ. ದಂಪತಿಗಳಲ್ಲಿ ಒಬ್ಬರಿಗೆ ಗರಿಷ್ಠ 1,602 ಡಾಲರ್, ಆದಾಯ 30,994 ದಾಟಿದ ಮೇಲೆ ಪ್ರತಿ ಡಾಲರ್‌ಗೆ 12.5 ಸೆಂಟ್ ಕಡಿತ. ತಂದೆಯವರ ಆದಾಯ ಅದಕ್ಕಿಂತ 5,006 ಡಾಲರ್ ಹೆಚ್ಚಿರುವುದರಿಂದ ಸುಮಾರು 626 ಡಾಲರ್ ಕಡಿತವಾಗಿ 976 ಡಾಲರ್ ಉಳಿಯುತ್ತದೆ. ತಾಯಿಯವರು ಅರ್ಹರಲ್ಲದ ಕಾರಣ ಅವರ ಪಾಲಿನಿಂದ ವರ್ಗಾವಣೆಯಾಗಿ ಬರುವುದು ಈಗ ಏನೂ ಇಲ್ಲ.

ಉತ್ತರ 2

ಮೇಲಿನ ವಿವರಣೆಗೆ ಒಂದು ಮುಖ್ಯ ವಿಷಯವನ್ನು ಸೇರಿಸಬೇಕು. ರಿಬೇಟ್ ಇನ್‌ಕಮ್ ಎಂದರೆ ತೆರಿಗೆಗೆ ಒಳಪಡುವ ಆದಾಯ ಮಾತ್ರವಲ್ಲ. ಅದಕ್ಕೆ ರಿಪೋರ್ಟಬಲ್ ಸೂಪರ್ ಕಾಂಟ್ರಿಬ್ಯೂಷನ್ (ಕಡ್ಡಾಯವಾದುದರ ಮೇಲೆ ಸೂಪರ್‌ಗೆ ಹಾಕಿದ, ರಿಟರ್ನ್‌ನಲ್ಲಿ ತೋರಿಸಬೇಕಾದ ಹಣ), ಫ್ರಿಂಜ್ ಬೆನಿಫಿಟ್‌ನ (ಮಾಲೀಕರು ಸಂಬಳದ ಹೊರತಾಗಿ ಕೊಡುವ ಸೌಲಭ್ಯಗಳ) ಹೊಂದಾಣಿಕೆ ಮಾಡಿದ ಮೊತ್ತ, ಮತ್ತು ಷೇರು ಅಥವಾ ಬಾಡಿಗೆ ಮನೆಯಲ್ಲಿ ಆದ ನಿವ್ವಳ ಹೂಡಿಕೆ ನಷ್ಟ, ಇವೆಲ್ಲವೂ ಮರಳಿ ಸೇರುತ್ತವೆ. ತಾಯಿಯವರ ಸ್ಯಾಲರಿ ಸ್ಯಾಕ್ರಿಫೈಸ್ ಇದರಲ್ಲಿ ಬರುತ್ತದೆ. ಮಾಲೀಕರು ಕಡ್ಡಾಯವಾಗಿ ಕಟ್ಟುವ ಸೂಪರ್ ಬರುವುದಿಲ್ಲ. ಅವರ ಇನ್‌ಕಮ್ ಸ್ಟೇಟ್‌ಮೆಂಟ್‌ನಲ್ಲಿ ರಿಪೋರ್ಟಬಲ್ ಎಂಪ್ಲಾಯರ್ ಸೂಪರ್ ಕಾಂಟ್ರಿಬ್ಯೂಷನ್ ಎಂಬ ಸಾಲಿನ ಎದುರು ಇರುವ ಅಂಕಿಯನ್ನು ದಯವಿಟ್ಟು ನೋಡಿ. ಈಗಿನ ಮೊತ್ತ 84,000. ಆ ಅಂಕಿ 3,620 ಮುಟ್ಟಿದರೂ ತಂದೆಯವರಿಗೆ ಒಂದು ಡಾಲರ್ ಕೂಡ ಸಿಗುವುದಿಲ್ಲ, ಏಕೆಂದರೆ ಈ ಮಿತಿಯಲ್ಲಿ ಆಫ್‌ಸೆಟ್ ಮೆಲ್ಲಗೆ ಕರಗುವುದಿಲ್ಲ, ಒಮ್ಮೆಲೇ ಪೂರ್ತಿ ತಪ್ಪಿಹೋಗುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಆ ಸಾಲಿನಲ್ಲಿ 3,000 ಡಾಲರ್ ಇದೆ. ಅಂದರೆ ಒಟ್ಟು 87,000, ಮಿತಿಗೆ 620 ಡಾಲರ್ ಮಾತ್ರ ಅಂತರ. ತಾಯಿಯವರು ಸ್ವಂತ ಹಣದಿಂದ ಸೂಪರ್‌ಗೆ ಇನ್ನಷ್ಟು ಕಟ್ಟಿ ಡಿಡಕ್ಷನ್ ಪಡೆದರೆ ಮುಂದಿನ ವರ್ಷಗಳಲ್ಲಿ ಈ ಅಂತರ ಹೆಚ್ಚಾಗುತ್ತದೆಯೇ?

ಉತ್ತರ 2

ಇಲ್ಲ. ಹಾಗೆ ಕಟ್ಟಿ ಡಿಡಕ್ಷನ್ ಪಡೆದ ಮೊತ್ತವೂ ರಿಪೋರ್ಟಬಲ್ ಆಗಿಯೇ ಮರಳಿ ಸೇರುವುದರಿಂದ ತೆರಿಗೆಗೆ ಒಳಪಡುವ ಆದಾಯ ಇಳಿದರೂ ರಿಬೇಟ್ ಇನ್‌ಕಮ್ ಇದ್ದಲ್ಲೇ ಇರುತ್ತದೆ. ಕೆಲಸಕ್ಕೆ ಸಂಬಂಧಿಸಿ ನಿಜವಾಗಿ ಮಾಡಿದ, ದಾಖಲೆಯಿರುವ ಖರ್ಚು, ಡಿಡಕ್ಷನ್‌ಗೆ ಅರ್ಹವಾದ ದೇಣಿಗೆ, ಇಂಥವು ಮಾತ್ರ ಮೊತ್ತವನ್ನು ಇಳಿಸುತ್ತವೆ. ಜಂಟಿ ಠೇವಣಿಯ ಬಡ್ಡಿ ಇಬ್ಬರ ರಿಟರ್ನ್‌ನಲ್ಲೂ ಅರ್ಧರ್ಧ ಬಂದಿದೆಯೇ ಎಂದು ಸಲ್ಲಿಸುವ ಮೊದಲು ಪರೀಕ್ಷಿಸಿಕೊಳ್ಳಿ. ಯಾವುದಾದರೂ ಬಡ್ಡಿ ಬಿಟ್ಟುಹೋಗಿದ್ದರೆ 620 ಡಾಲರ್ ಅಂತರ ಬೇಗನೆ ಮುಗಿಯುತ್ತದೆ.

ಉತ್ತರ 3

ಇಲ್ಲಿ ಯಾರೂ ಮೆಡಿಕೇರ್ ಲೆವಿಯ (ಸರ್ಕಾರಿ ಆರೋಗ್ಯ ವ್ಯವಸ್ಥೆಗಾಗಿ ಆದಾಯದ ಮೇಲೆ ಕಟ್ಟುವ ಹಣ) ಮಾತೆತ್ತಲಿಲ್ಲ, ಆದರೆ ಆ ಹಣವೂ ಸಣ್ಣದಲ್ಲ. ಸ್ಯಾಪ್ಟೋಗೆ ಅರ್ಹರಾದವರಿಗೆ 2024-25ರಲ್ಲಿ 43,020 ಡಾಲರ್‌ವರೆಗೆ ಲೆವಿ ಇಲ್ಲ. ಉಳಿದವರಿಗೆ ಆ ಮಿತಿ 27,222. ನಿಮ್ಮ ತಂದೆಯವರು ಅರ್ಹರಾದರೆ 36,000ದ ಮೇಲೆ ಕಟ್ಟಬೇಕಿದ್ದ ಶೇಕಡಾ 2ರ ಲೆವಿ, ಅಂದರೆ 720 ಡಾಲರ್, ಉಳಿಯುತ್ತದೆ. 976ರ ಜೊತೆ ಇದನ್ನು ಕೂಡಿಸಿದರೆ 1,696 ಡಾಲರ್. ಆದ್ದರಿಂದ ತಂದೆಯವರ ರಿಟರ್ನ್‌ನಲ್ಲಿ ಪತ್ನಿಯ ವಿವರ ತುಂಬುವಾಗ ಆ 3,000 ಡಾಲರನ್ನು ಬಿಡದೆ ಬರೆಯಿರಿ. ಹೆಂಡತಿ ಅರ್ಹರಲ್ಲದ, ಆದರೆ ಒಟ್ಟಿಗೆ ವಾಸಿಸುವ ದಂಪತಿ ಎಂಬ ಆಯ್ಕೆಯನ್ನೇ ಗುರುತಿಸಿ.

ತಾಯಿಯವರಿಗೆ 67 ತುಂಬಿದ ವರ್ಷದಿಂದ ಲೆಕ್ಕ ಬದಲಾಗುತ್ತದೆ. ಆಗ ಇಬ್ಬರೂ ಅರ್ಹರಾಗಿದ್ದು, ಕಡಿಮೆ ಆದಾಯದವರಿಗೆ ತಮ್ಮ ಪಾಲು ಪೂರ್ತಿ ಬೇಕಾಗದಿದ್ದರೆ, ಉಳಿದುದನ್ನು ತೆರಿಗೆ ಕಚೇರಿಯೇ ಇನ್ನೊಬ್ಬರಿಗೆ ವರ್ಗಾಯಿಸುತ್ತದೆ. ಅದಕ್ಕೆ ಬೇರೆ ಅರ್ಜಿ ಬೇಡ.