ಪದಚರ್ಚೆ: ‘ಗೊನೊ-ಗಿನಿ’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಇಂಡೊನೇಷ್ಯಾದ ಜಾವಾ ದ್ವೀಪದ ಒಂದು ಸಣ್ಣ ಹಳ್ಳಿಯ ಬಗ್ಗೆ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಯೋಗ್ಯಕರ್ತ ನಗರದ ದಕ್ಷಿಣಕ್ಕೆ, ಬಂತುಲ್ ಕಡೆಯ ಊರು. ಭತ್ತದ ಗದ್ದೆ, ತೆಂಗು, ಬಾಳೆ, ಬಿದಿರು ಮೆಳೆ, ಮನೆ ಮುಂದೆ ಕಟ್ಟಿದ ಮೇಕೆ. ಓದುತ್ತಾ ಹೋದರೆ ನಮ್ಮ ಕಡೆ ಊರೇ ಅನಿಸುತ್ತೆ. ಊರಿಗೆ ಅವರು ಅನ್ನುವುದೂ ‘ದೇಸೊ’, ನಮ್ಮ ‘ದೇಶ’ವೇ ಅಲ್ಲಿ ಹಳ್ಳಿಯಾಗಿದೆ. ಸಲೀಸಾಗಿ ಮುಗಿಯುತ್ತೆ ಅಂದುಕೊಂಡು ಕೂತೆ. ಆಸ್ತಿಪಾಸ್ತಿಯ ಮಾತು ಬಂತು ನೋಡಿ, ಅಲ್ಲಿಗೆ ಗಾಡಿ ನಿಂತಿತು.

ದೊಡ್ಡ ತೊಡಕು ‘ಗೊನೊ-ಗಿನಿ’. ಮದುವೆಯಾದ ಮೇಲೆ ಗಂಡ ಹೆಂಡತಿ ಸೇರಿ ಮಾಡಿಕೊಂಡ ಆಸ್ತಿಗೆ ಈ ಹೆಸರು. ಗಂಡ ಗದ್ದೆ ಉಳುತ್ತಾನೆ, ಹೆಂಡತಿ ಸಂತೆಯಲ್ಲಿ ಸೊಪ್ಪು ಮಾರುತ್ತಾಳೆ. ಉಳಿದ ದುಡ್ಡಲ್ಲಿ ಒಂದು ಕರು ಕೊಳ್ಳುತ್ತಾರೆ. ಅದನ್ನು ಸಾಕಿ, ಮಾರಿ, ಒಂದು ತುಂಡು ಗದ್ದೆ ಮಾಡಿಕೊಳ್ಳುತ್ತಾರೆ. ಆ ಗದ್ದೆ ಗೊನೊ-ಗಿನಿ. ಮದುವೆಗೆ ಮೊದಲೇ ಅವರವರಿಗೆ ಇದ್ದದ್ದು, ಅಪ್ಪ ಅಮ್ಮನಿಂದ ಬಂದದ್ದು ‘ಗವಾನ್’. ‘ಗವ’ ಅಂದರೆ ತರು, ಹೊತ್ತು ತರು. ಗಂಡ ಹೆಂಡತಿ ಬೇರೆಯಾದರೆ ಗವಾನ್ ತಂದವರ ಜೊತೆಗೇ ಹೊರಡುತ್ತೆ. ಗೊನೊ-ಗಿನಿಯಲ್ಲಿ ಮಾತ್ರ ಪಾಲು. ಹಿಂದೆ ಹಲವು ಕಡೆ ಗಂಡನಿಗೆ ಎರಡು ಪಾಲು, ಹೆಂಡತಿಗೆ ಒಂದು ಅಂತಿತ್ತು. ಇಂಡೊನೇಷ್ಯಾದ 1991ರ ಇಸ್ಲಾಮಿಕ್ ಕಾನೂನು ಸಂಗ್ರಹ ಬಂದ ಮೇಲೆ, ಬೇರೆ ಕರಾರು ಇಲ್ಲದಿದ್ದರೆ, ಮುಸ್ಲಿಂ ದಂಪತಿಗೆ ಅರ್ಧ-ಅರ್ಧ.

ಇದಕ್ಕೆ ನಮ್ಮಲ್ಲಿ ಪದ ಹುಡುಕಿದೆ. ಪಿತ್ರಾರ್ಜಿತ ಇದೆ, ಸ್ವಯಾರ್ಜಿತ ಇದೆ. ಅಪ್ಪ ಗಳಿಸಿದ್ದಾ, ನೀನು ಗಳಿಸಿದ್ದಾ ಅಂತಷ್ಟೇ ನಮ್ಮ ಪದಗಳು ಕೇಳುತ್ತವೆ. ‘ನೀವಿಬ್ಬರೂ ಗಳಿಸಿದ್ದಾ’ ಅಂತ ಕೇಳುವ ಪದ ನನಗೆ ಸಿಗಲಿಲ್ಲ. ಸ್ತ್ರೀಧನ ಗವಾನ್‌ಗೆ ಅರ್ಧ ಮಾತ್ರ ಹೊಂದುತ್ತೆ, ಯಾಕಂದರೆ ಗವಾನ್ ಗಂಡನಿಗೂ ಇರುತ್ತೆ. ‘ಜಂಟಿ ಆಸ್ತಿ’ ಅಂದರೆ ನಮ್ಮವರಿಗೆ ಅಣ್ಣತಮ್ಮಂದಿರು ನೆನಪಾಗುತ್ತಾರೆ, ಜೊತೆಗೆ ಕೋರ್ಟೂ. ‘ದಂಪತಿ ಆಸ್ತಿ’ ಬ್ಯಾಂಕಿನ ಅರ್ಜಿ ಥರ ಕೇಳುತ್ತೆ. ‘ಜೋಡಿಗಳಿಕೆ’ ಅಂತ ಒಂದು ಪದ ಕಟ್ಟಿದೆ, ಕಿವಿಗೂ ಚೆನ್ನಾಗಿತ್ತು. ಆಮೇಲೆ ನೆನಪಾಯಿತು, ಹಳೇ ಮೈಸೂರಿನ ಜಮೀನು ಕಾಗದಗಳಲ್ಲಿ ‘ಜೋಡಿ’ ಅಂದರೆ ಕಡಿಮೆ ಕಂದಾಯದ ಇನಾಂ. ಜೋಡಿ ಗ್ರಾಮ, ಜೋಡಿದಾರ ಅಂತೆಲ್ಲ ಕೇಳಿರುತ್ತೀರಿ. ಹಳಬರು ಓದಿದರೆ ಗೊಂದಲ ಆಗಬಹುದು. ಅಥವಾ ಅದು ನನ್ನ ಅತಿ ಚಿಂತೆಯೋ ಏನೋ.

ಎರಡನೆಯದು ಊರಿನ ಯಜಮಾನಿಕೆಯ ಗದ್ದೆ. ಊರ ಮುಖ್ಯಸ್ಥ ‘ಲುರಾ’. ಬರವಣಿಗೆ ನೋಡಿಕೊಳ್ಳುವವನು ‘ಚಾರಿಕ್’. ಚಾರಿಕ್‌ಗೆ ಕಣ್ಣುಮುಚ್ಚಿ ಶ್ಯಾನುಭೋಗ ಅಂತ ಹಾಕಿದೆ. ಲುರಾನಿಗೆ ಪಟೇಲ ಅನ್ನೋಕೆ ಮನಸ್ಸು ಬರುತ್ತಿಲ್ಲ. ಪಟೇಲಿಕೆ ವಂಶದಲ್ಲಿ ಬರುತ್ತಿತ್ತು, ಲುರಾನನ್ನು ಊರವರು ಆರಿಸುತ್ತಾರೆ. ಇವರಿಗೆ ಸಂಬಳದ ಬದಲು ಊರಿನ ಗದ್ದೆ ಬಿಟ್ಟುಕೊಡುವುದು ಹಳೇ ಪದ್ಧತಿ. ಜಾವಾದ ಬೇರೆ ಕಡೆ ಅದಕ್ಕೆ ‘ಬೆಂಗ್‌ಕೊಕ್’, ಯೋಗ್ಯಕರ್ತದಲ್ಲಿ ‘ಲುಂಗ್ಗುಹ್’. ‘ಉಂಬಳಿ’ ಅಂತ ಬರೆದು ಮುಂದೆ ಹೋಗಿದ್ದೆ, ಮತ್ತೆ ಬಂದು ಹೊಡೆದುಹಾಕಿದೆ. ಉಂಬಳಿ ಮಕ್ಕಳು ಮೊಮ್ಮಕ್ಕಳಿಗೆ ಹೋಗುತ್ತಿತ್ತು. ಲುಂಗ್ಗುಹ್ ಅಧಿಕಾರ ಇರುವಷ್ಟು ದಿನ ಮಾತ್ರ. ಮಾರುವ ಹಾಗಿಲ್ಲ, ಮಗನಿಗೆ ಬಿಡುವ ಹಾಗಿಲ್ಲ. ಪದದ ಅರ್ಥವೇ ‘ಕೂರು’. ಕೂತಿರುವ ತನಕ ಉಣ್ಣು, ಎದ್ದರೆ ಬಿಡು. ಹಾಗಾಗಿ ‘ಗದ್ದುಗೆ ಗದ್ದೆ’ ಅಂತ ಬರೆದಿದ್ದೇನೆ. ಸ್ವಲ್ಪ ಪ್ರಾಸದ ಆಸೆಯೂ ಇದೆ, ಒಪ್ಪಿಕೊಳ್ಳುತ್ತೇನೆ. ‘ಕುರ್ಚಿ ಗದ್ದೆ’ ವಾಸಿನಾ? ನಿವೃತ್ತರಾದವರಿಗೂ ಒಂದು ತುಂಡು ಗದ್ದೆ ಬಿಡುವ ಪದ್ಧತಿ ಇದೆ, ಅದರ ಹೆಸರು ‘ಪೆಂಗಾರೆಮ್-ಆರೆಮ್’. ಮನಸ್ಸಿಗೆ ಸಮಾಧಾನ ಮಾಡುವಂಥದ್ದು ಅಂತ ಅರ್ಥ. ಪೆನ್ಷನ್‌ಗೆ ಇಷ್ಟು ಒಳ್ಳೆ ಹೆಸರು ನಾನು ಬೇರೆಲ್ಲೂ ಕೇಳಿಲ್ಲ.

ಒಂದು ಅಡ್ಡಮಾತು. ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆಯನ್ನು ಅಳೆದು, ಊರೂರಿನ ಕೈಫಿಯತ್ತು, ಅಂದರೆ ಊರಿನ ಚರಿತ್ರೆ, ಬರೆಸಿದ ಕಾಲಿನ್ ಮೆಕೆಂಜಿ ಇದ್ದಾರಲ್ಲ, ಅವರೇ 1811ರಲ್ಲಿ ಇಂಗ್ಲಿಷರ ದಂಡಿನ ಜೊತೆ ಜಾವಾಕ್ಕೆ ಹೋದರು. ಅಲ್ಲಿ ಇಂಗ್ಲಿಷರ ಪರವಾಗಿ ಆಳುತ್ತಿದ್ದ ರಾಫಲ್ಸ್‌ನ ಕಾಲದಲ್ಲಿ ಭೂಮಿಯ ಒಡೆತನ ಯಾರದು ಅಂತ ವಿಚಾರಿಸುವ ಸಮಿತಿಗೆ ಅವರೇ ಮುಖ್ಯಸ್ಥರು. ದೊರೆಯದಾ, ಊರಿನದಾ, ಉಳುವವನದಾ? ನಮ್ಮ ಕಡೆ ಮಾನ್ಯ, ಇನಾಂ, ಉಂಬಳಿಗಳ ಗಂಟು ಬಿಡಿಸಿ ಬಂದವರು ಅಲ್ಲಿ ಲುಂಗ್ಗುಹ್ ಮುಂದೆ ತಲೆ ಕೆರೆದುಕೊಂಡಿರಬೇಕು. ಇನ್ನೂರು ವರ್ಷ ಆದಮೇಲೆ ಈಗ ನನ್ನ ಸರದಿ.

ಮೂರನೆಯದು ಪಾಲಿನ ಮಾತು: ‘ಸೆಪಿಕುಲ್ ಸೆಗೆಂಡೊಂಗ್’. ಮಗ ಹೆಗಲ ಮೇಲೆ ಅಡ್ಡೆ ಹೊರುತ್ತಾನೆ, ಎರಡು ತುದಿಗೂ ಒಂದೊಂದು ಹೊರೆ. ಮಗಳು ಬಟ್ಟೆಯ ಜೋಲಿಯಲ್ಲಿ ಬೆನ್ನಿಗೆ ಕಟ್ಟಿಕೊಳ್ಳುತ್ತಾಳೆ, ಒಂದೇ ಹೊರೆ. ಅಂದರೆ ಅಪ್ಪನ ಆಸ್ತಿಯಲ್ಲಿ ಎರಡಕ್ಕೆ ಒಂದು. ‘ಮಗನಿಗೆ ಅಡ್ಡೆ ಹೊರೆ, ಮಗಳಿಗೆ ಬೆನ್ನು ಹೊರೆ’ ಅಂತ ಮಾಡಿದ್ದೇನೆ. ಇದು ಸರಿ ಕೂತಿದೆ ಅಂತ ನನ್ನ ಭಾವನೆ. ಆದರೆ ‘ಅಡ್ಡೆ’ ಈಗಿನ ಹುಡುಗರಿಗೆ ಗೊತ್ತಾ? ಅವರಿಗೆ ಅದು ಜೂಜಿನ ಅಡ್ಡೆ ಆಗಿಬಿಟ್ಟರೆ ಕಷ್ಟ. ‘ಕಾವಡಿ’ ಅಂದರೆ ಸುಬ್ರಹ್ಮಣ್ಯ ಬಂದು ಕೂರುತ್ತಾನೆ. ಅಂದಹಾಗೆ, ಎಷ್ಟೋ ಮನೆಗಳಲ್ಲಿ ಮಕ್ಕಳೆಲ್ಲ ಸಮ ಪಾಲು ಮಾಡಿಕೊಳ್ಳುತ್ತಾರೆ. ವಾಸದ ಮನೆ ಮಾತ್ರ ವಯಸ್ಸಾದವರನ್ನು ನೋಡಿಕೊಂಡವರಿಗೆ, ಹೆಚ್ಚಾಗಿ ಕಿರಿ ಮಗಳಿಗೆ.

ಇನ್ನು ಚಿಲ್ಲರೆ. ‘ಪೆತೊಕ್’ ಅನ್ನೋದು ಹಳೇ ಕಂದಾಯದ ಚೀಟಿ. ಊರವರು ಅದನ್ನೇ ಒಡೆತನದ ಪತ್ರ ಅಂತ ಜೋಪಾನ ಮಾಡುತ್ತಾರೆ, ನಮ್ಮವರು ಖಾತೆ ತೋರಿಸಿ ‘ನನ್ನ ಹೆಸರಲ್ಲೇ ಇದೆ’ ಅಂದಹಾಗೆ. ಹಾಗಾಗಿ ‘ಖಾತೆ’ ಅಂತಲೇ ಹಾಕಿದೆ. ‘ಪೆಕರಂಗನ್’ ಮನೆ ಸುತ್ತಲಿನ ತೋಟ. ಹಿತ್ತಲು ಅಂದರೆ ಹಿಂದೆ ಮಾತ್ರ ಆಗುತ್ತೆ, ಸುತ್ತ ಇದ್ದರೆ ಏನನ್ನೋದು?

ಕೊನೆಗೆ ‘ರಾಜಕಯ’. ಅವರ ಬಾಯಲ್ಲಿ ‘ರೊಜೊಕೊಯೊ’. ನೋಡಿದ ಕೂಡಲೇ ರಾಜನ ಶರೀರ ಅಂದುಕೊಂಡೆ. ಅರ್ಥ ದನ, ಎಮ್ಮೆ, ಆಡು, ಕುರಿ! ನಗಬೇಡಿ, ನಮ್ಮ ‘ದನ’ವೂ ‘ಧನ’ದ ತದ್ಭವವೇ. ‘ದನಕರು’ ಅಂದರೆ ಪ್ರಾಣಿ ಬಂತು, ಐಶ್ವರ್ಯ ಬರಲಿಲ್ಲ. ಆಗ ನಮ್ಮಜ್ಜಿಯ ಮಾತು ನೆನಪಾಯಿತು. ಯಾರದೋ ಮನೆಗೆ ಹೆಣ್ಣು ಕೊಡುವ ಮಾತು ಬಂದರೆ ಅವರು ಕೇಳುತ್ತಿದ್ದದ್ದು, ‘ಬದುಕು ಹೆಂಗೈತೆ?’ ಅಂತ. ಹೊಲ, ದನ, ಕಣಜ ಎಲ್ಲ ಅದರಲ್ಲಿ ಬಂತು. ಅದೇ ಅಜ್ಜಿ ಬೆಳಗ್ಗೆ ಕಸ ಮುಸುರೆ ಮುಗಿಸಿ ‘ಬದುಕಾಯ್ತು’ ಅನ್ನುತ್ತಿದ್ದರು. ಆಸ್ತಿ, ಮನೆಗೆಲಸ, ಜೀವನ, ಮೂರಕ್ಕೂ ಒಂದೇ ಪದ.

ಬರಹದ ತಲೆಬರಹ ‘ಜೀವನ ಮತ್ತು ಆಸ್ತಿ’ ಅಂತಿದೆ. ಬರೀ ‘ಬದುಕು’ ಅಂತ ಇಟ್ಟರೆ ಹೇಗೆ? ನಾನು ತುಮಕೂರು ಕಡೆಯವನು. ಧಾರವಾಡ, ಕಲಬುರಗಿ, ಕುಂದಾಪುರದ ಕಡೆಯವರಿಗೆ ಈ ಪದದಲ್ಲಿ ಹೊಲ, ದನ ಕಾಣುತ್ತಾ? ನಿಮ್ಮ ಮನೆಯ ಹಿರಿಯರನ್ನು ಒಮ್ಮೆ ಕೇಳಿ ಬರೆಯಿರಿ. ಹಾಗೇ ಗೊನೊ-ಗಿನಿಗೆ ಯಾರದಾದರೂ ಅಜ್ಜಿ ಏನಾದರೂ ಅನ್ನುತ್ತಿದ್ದರಾ ಅಂತಲೂ.